ಮೂವತ್ತು ಸ್ಪ್ರಿಂಗು, ಒಂದು ಹುತ್ತ

ಮಳೆಗಾಲದ ಮುನ್ನುಡಿಯಾಗಿ ಎರಡು ದೊಡ್ಡ ಗುಡುಗು ಗುಡುಗಿದ ಮೂರನೆಯ ದಿನಕ್ಕೆ ನಮ್ಮ ಸೋಮವಾರಪೇಟೆ ಕಡೆಯ ಸಂಭಾವಿತರ ನಡಿಗೆಯೇ ಬದಲಾಗುತ್ತದೆ. ನೇರವಾಗಿ ಮನೆಗೆ ಹೋಗಬೇಕಾದವರು ತೋಡಿನ ನೀರು ದಾಟಿ, ಇನ್ನೊಬ್ಬರ ಕಾಫಿ ತೋಟದ ಬೇಲಿ ನುಸುಳಿ, ಹೊರಟ ದಿಕ್ಕಿಗೆ ಸಂಪೂರ್ಣ ವಿರುದ್ಧವಾದ ದಿಕ್ಕಿನಿಂದ ರಸ್ತೆಯ ಮೇಲೆ ಪ್ರತ್ಯಕ್ಷರಾಗುತ್ತಾರೆ. ಕೈಯಲ್ಲೊಂದು ಚೀಲ, ಚೀಲದ ಬಾಯಿಗೆ ಜರಿಗಿಡದ ಸೊಪ್ಪು. ಎದುರಾದವರು “ಅಣಬೆನಾ? ಎಲ್ಲಿ ಸಿಕ್ತು?” ಎಂದು ಕೇಳಿದರೆ ಚೀಲ ಹಿಡಿಯದ ಕೈಯನ್ನು ಎತ್ತಿ, ಗಾಳಿಯಲ್ಲಿ ಒಂದು ವಿಶಾಲವಾದ ಅರ್ಧಚಂದ್ರ ಬರೆದು, “ಹೀಗೇ, ಆ ಕಡೆ” ಎನ್ನುತ್ತಾರೆ. ಆ ಅರ್ಧಚಂದ್ರದೊಳಗೆ ಅರ್ಧ ತಾಲ್ಲೂಕು ಸೇರಿರುತ್ತದೆ. ಕೇಳಿದವರಿಗೂ ಉತ್ತರ ಸುಳ್ಳೆಂದು ಗೊತ್ತು, ಹೇಳಿದವರಿಗೂ ಅವರು ನಂಬಲಿಲ್ಲವೆಂದು ಗೊತ್ತು. ಇಬ್ಬರೂ ಪರಸ್ಪರ ಗೌರವದಿಂದ ಬೀಳ್ಕೊಡುತ್ತಾರೆ.

ಇದನ್ನು ಸುಳ್ಳು ಎಂದು ಕರೆದು ನಮ್ಮನ್ನು ಅವಮಾನಿಸಬೇಡಿ. ಹುತ್ತದ ಅಣಬೆಗೆ ಒಂದು ಗುಣವಿದೆ: ಒಮ್ಮೆ ಎದ್ದ ಜಾಗದಲ್ಲೇ ವರ್ಷವರ್ಷವೂ ಏಳುತ್ತದೆ. ಆದ್ದರಿಂದ ಆ ಜಾಗ ಗೊತ್ತಿರುವುದೇ ಒಂದು ಸ್ಥಿರಾಸ್ತಿ. ಪಹಣಿಯಿಲ್ಲ, ನಕಾಶೆಯಿಲ್ಲ, ಬೇಲಿಯಿಲ್ಲ. ಇರುವುದು ಬಾಯಿ ಮುಚ್ಚಿಕೊಂಡಿರುವ ಸಾಮರ್ಥ್ಯ ಒಂದೇ. ನಮ್ಮಪ್ಪ ಅಣಬೆಗೆ ಹೊರಡುವಾಗ ಗಾಳ ಹಿಡಿದು ಹೊರಡುತ್ತಿದ್ದರು, ಮೀನಿಗೆ ಹೋದರೆಂದು ಊರು ತಿಳಿಯಲಿ ಎಂದು. ಅವ್ವನಿಗೂ ಜಾಗ ಹೇಳಿರಲಿಲ್ಲ. ಕೊನೆಗಾಲದಲ್ಲಿ ಗದ್ದೆ, ತೋಟವೆಲ್ಲ ನಮಗೂ ಚಿಕ್ಕಪ್ಪನ ಮಕ್ಕಳಿಗೂ ಕಾಗದದ ಮೂಲಕ ಹಂಚಿಕೆಯಾದ ಮೇಲೆ, ಒಂದು ಮಧ್ಯಾಹ್ನ ನನ್ನನ್ನು ಹಾಸಿಗೆಯ ಹತ್ತಿರ ಕರೆದು, ಬಾಗಿಲು ಹಾಕಿಸಿ, ಕಿವಿಯಲ್ಲಿ ಹೇಳಿದರು: ನಮ್ಮ ತೋಟದ ಮೇಲಂಚಿಗೆ ತಾಗಿದ ಪೈಸಾರಿಯಲ್ಲಿ, ಅಂದರೆ ಯಾರಿಗೂ ಸೇರದ ಸರ್ಕಾರಿ ಜಾಗದಲ್ಲಿ, ಕವಲೊಡೆದ ಹಲಸಿನ ಮರ, ಅದರ ಬುಡದ ಹಳೇ ಹುತ್ತ. ಕಾಗದದ ಆಸ್ತಿಗಿಂತ ಕಿವಿಯ ಆಸ್ತಿ ಸಿಕ್ಕ ಆ ದಿನವೇ ನನಗೆ ನಾನು ಈ ಮನೆಯ ಮಗ ಎನ್ನಿಸಿದ್ದು.

ಸಂಶಯ ನನಗೆ ಹೀಗೆ ವಂಶಪಾರಂಪರ್ಯವಾಗಿ ಬಂದದ್ದು. ವೃತ್ತಿ ಅದಕ್ಕೆ ಸಾಣೆ ಹಿಡಿಯಿತು. ಕಾಫಿ ಸಂಸ್ಕರಣೆಯ ಒಂದು ಕಾರ್ಖಾನೆಯಲ್ಲಿ ನಿವೃತ್ತಿಯವರೆಗೂ ನನ್ನ ಕೆಲಸ ಮೂಟೆ ಚುಚ್ಚುವುದು. ಚೂಪು ತುದಿಯ ಟೊಳ್ಳು ಕಬ್ಬಿಣದ ಕೊಳವೆಯೊಂದನ್ನು ಮೂಟೆಯ ಹೊಟ್ಟೆಗೆ ತಿವಿದು ನಡುವಿನ ಬೀಜವನ್ನು ಹೊರಗೆಳೆದು ನೋಡುವುದು, ಏಕೆಂದರೆ ಮೂಟೆಯ ಬಾಯಲ್ಲಿ ಕಾಣುವ ಬೀಜ ಯಾವಾಗಲೂ ಸುಂದರವಾಗಿರುತ್ತದೆ. ಅಷ್ಟು ವರ್ಷ ಚುಚ್ಚಿದ ಮೇಲೆ ಮನುಷ್ಯ ಮೂಟೆಗಳಿಗಷ್ಟೇ ನಿಲ್ಲುವುದಿಲ್ಲ. ಯಾರಾದರೂ ನಕ್ಕು ಮಾತಾಡಿಸಿದರೆ ನನ್ನ ಕೈ ತಾನಾಗಿ ಕೊಳವೆಗೆ ತಡಕುತ್ತದೆ. ಡಾಕ್ಟರು “ನಿಮಗೇನೂ ಇಲ್ಲ” ಎಂದರೆ ಇನ್ನೊಬ್ಬ ಡಾಕ್ಟರ ಹತ್ತಿರ ಹೋಗುತ್ತೇನೆ, ಇವರು ಯಾಕೆ ಹಾಗೆ ಹೇಳಿರಬಹುದು ಎಂದು ತಿಳಿಯಲು. ಹೆಂಡತಿ ಸರಸು ಕಾಫಿಗೆ ಒಂದು ಚಮಚ ಸಕ್ಕರೆ ಹೆಚ್ಚು ಹಾಕಿದ ದಿನ, ಸಂಜೆಯವರೆಗೆ ಕಾಯುತ್ತೇನೆ, ಏನು ಕೇಳುತ್ತಾಳೋ ಎಂದು. ಅವಳು ಏನೂ ಕೇಳದಿದ್ದರೆ ಅನುಮಾನ ಇನ್ನೂ ಬಲಿಯುತ್ತದೆ.

ಐದು ವರ್ಷದ ಹಿಂದೆ ಒಂದು ಮುಂಜಾನೆ ಹಲಸಿನ ಬುಡಕ್ಕೆ ಹೋಗಿ ನೋಡುತ್ತೇನೆ, ಅರ್ಧ ಅಣಬೆ ಯಾರೋ ಕಿತ್ತಿದ್ದಾರೆ! ಅರ್ಧ ಮಾತ್ರ. ಕಳ್ಳನಾದವನು ಪೂರ್ತಿ ಕೀಳಬೇಕು. ಅರ್ಧ ಬಿಟ್ಟವನು ಕಳ್ಳನಿಗಿಂತ ಅಪಾಯಕಾರಿ, ಏಕೆಂದರೆ ಅವನಿಗೆ ಇದು ನನ್ನ ಜಾಗವೆಂದು ಗೊತ್ತು. ಹಾಗೆ ಗೊತ್ತಾಗಬಹುದಾದವನು ಈ ಭೂಮಂಡಲದಲ್ಲಿ ಒಬ್ಬನೇ, ದೇವಯ್ಯ. ಎರಡು ದಿನ ಬಿಟ್ಟು ಅವನ ಮನೆಯ ಮುಂದೆ ಹಾದುಹೋಗುವಾಗ ಒಳಗಿನಿಂದ ಅಣಬೆ ಸಾರಿನ ವಾಸನೆ ಬಂತು. ಆ ವಾರ ಊರಿನ ಎಲ್ಲ ಮನೆಯಿಂದಲೂ ಅದೇ ವಾಸನೆ ಬರುತ್ತಿತ್ತು ಎಂಬುದನ್ನು ನಾನು ಸಾಕ್ಷ್ಯದಿಂದ ಕೈಬಿಟ್ಟೆ. ಅವನಿಗೆ ಏನೂ ಹೇಳಲಿಲ್ಲ. ಮನಸ್ಸಿನಲ್ಲಿ ಇಟ್ಟುಕೊಂಡೆ, ಅಷ್ಟೇ.

ದೇವಯ್ಯ ಯಾರೆಂದು ಹೇಳಬೇಕು. ಒಂದನೇ ಕ್ಲಾಸಿನಿಂದ ನನ್ನ ಪಕ್ಕ ಕೂತವನು. ತೋಟದ ಮೋಟಾರು, ಪಂಪು ರಿಪೇರಿ ಮಾಡುವವನು. ಅವನ ಮನೆಯ ಹಿಂದಿನ ಶೆಡ್ಡಿನಲ್ಲಿ ಸುಟ್ಟ ಮೋಟಾರಿನ ತಾಮ್ರದ ತಂತಿ, ತುಕ್ಕು ಹಿಡಿದ ಬೇರಿಂಗು, ಹೆಸರಿಲ್ಲದ ನಟ್ಟು ಬೋಲ್ಟು ಇವುಗಳ ಮಧ್ಯೆ ಅವನು ಅರಸನಂತೆ ಕೂತಿರುತ್ತಾನೆ. ಏನನ್ನೂ ಬಿಸಾಡುವುದಿಲ್ಲ, ಯಾರು ಕೇಳಿದರೂ ಇಲ್ಲವೆನ್ನುವುದಿಲ್ಲ. ಪ್ರತಿ ಸೋಮವಾರ ಸಂತೆಗೆ ನಾವಿಬ್ಬರೂ ಅವನ ಹಳೇ ಸ್ಕೂಟರಿನಲ್ಲಿ ಹೋಗುತ್ತೇವೆ. ಅವನು ತರಕಾರಿ ಆರಿಸುತ್ತಾನೆ, ನಾನು ತಕ್ಕಡಿಯ ಮೇಲೆ ಕಣ್ಣಿಡುತ್ತೇನೆ. ಮದುವೆಯಾದ ಮೇಲೂ, ಮಕ್ಕಳಾದ ಮೇಲೂ, ಕೂದಲು ಹೋದ ಮೇಲೂ ತಪ್ಪದ ವ್ರತ ಇದು.

ಇಂಥ ಎರಡು ಹಿರಿಯ ಜೀವಗಳನ್ನು ಬಂದೂಕಿನ ವಿಡಿಯೋ ಗೇಮಿಗೆ ಇಳಿಸಿದ ಪುಣ್ಯ ದೇವಯ್ಯನ ಸೊಸೆ ಕವಿತಾಳದ್ದು. ಪೇಟೆಯ ಒಂದು ಕಚೇರಿಯಲ್ಲಿ ಕೆಲಸ ಮಾಡುವ, ತಲೆಬಗ್ಗಿಸಿ ನಡೆಯುವ ಈ ಹುಡುಗಿ ಮೊಬೈಲಿನಲ್ಲಿ ಎಂಥ ನಿಷ್ಕರುಣಿ ಎಂಬುದು ಅವಳಿಂದ ಗುಂಡು ತಿಂದವರಿಗೇ ಗೊತ್ತು. ಕಳೆದ ಸಲ ಕಾಫಿ ಕುಯ್ಲು ಮುಗಿದು ಕೈ ಖಾಲಿಯಾದಾಗ ಇಬ್ಬರ ಫೋನಿಗೂ ಅವಳೇ ಆಟ ಹಾಕಿಕೊಟ್ಟಳು. ಆಟದ ಹೆಸರು ಹೇಳುವುದಿಲ್ಲ. ಹೇಳಿದರೆ ನೀವೂ ಬಂದು ಸೇರಿಕೊಳ್ಳುತ್ತೀರಿ ಎಂಬ ಶಂಕೆ ನನಗಿದೆ.

ಆಟ ಇಷ್ಟೇ. ಜನ ಬಿಟ್ಟುಹೋದ ಒಂದು ಪಟ್ಟಣ. ಮೂವರು ಮೂವರ ಗುಂಪುಗಳು ಬೇರೆಬೇರೆ ಮೂಲೆಯಿಂದ ಅದರೊಳಗೆ ಇಳಿಯುತ್ತವೆ. ಪಾಳುಮನೆಗಳ ಡ್ರಾಯರು, ಬೀರು, ಡಬ್ಬಿ ಜಾಲಾಡಿ ಸ್ಪ್ರಿಂಗು, ತಾಮ್ರದ ಸುರುಳಿ, ಗೇರು, ಬ್ಯಾಟರಿ ಹೆಕ್ಕಿ ಬ್ಯಾಗಿಗೆ ತುಂಬಿಕೊಂಡು, ಹೊಳೆಯಂಚಿನ ದೋಣಿ ಬಿಡುವುದರೊಳಗೆ ಹತ್ತಬೇಕು. ಬದುಕಿ ಬಂದರೆ ತಂದ ಸಾಮಾನು ನಿಮ್ಮದು, ಅದರಿಂದ ಬಂದೂಕಿನ ಲೆವೆಲ್ಲು ಏರಿಸಬಹುದು. ದಾರಿಯಲ್ಲಿ ಬೇರೆ ಗುಂಪಿನವರು ಹೊಡೆದು ಹಾಕಿದರೆ ಬ್ಯಾಗು ಅವರದ್ದು. ಇದನ್ನು ಕೇಳಿದಾಗ ನನಗೆ ಹೊಸದೆನ್ನಿಸಲಿಲ್ಲ. ಜೀವಮಾನವಿಡೀ ಪ್ರಪಂಚ ಹೀಗೇ ಇದೆಯೆಂದು ನಾನು ಹೇಳುತ್ತ ಬಂದಿದ್ದೆ. ಯಾರೋ ಅದಕ್ಕೆ ಚಿತ್ರ ಬಿಡಿಸಿ ಕೊಟ್ಟಿದ್ದರು.

ಗುಂಡು ಹಾರಿಸುವುದರಲ್ಲಿ ನಾನು ಶೂನ್ಯ. ಬಂದೂಕಿಗೆ ಹೂ ಮುಡಿಸಿ ಪೂಜೆ ಮಾಡುವ ಜಿಲ್ಲೆಯಲ್ಲಿ ಹುಟ್ಟಿಯೂ ನನ್ನ ಗುರಿ ಒಂದು ಬಾಳೆಗೊನೆಯನ್ನೂ ನೋಯಿಸಿದ್ದಿಲ್ಲ. ಆದರೆ ಹೆಕ್ಕುವುದರಲ್ಲಿ ನನ್ನನ್ನು ಮೀರಿಸುವವರಿಲ್ಲವೆಂದು ನಂಬಿದ್ದೆ. ಎರಡನೇ ಲೆವೆಲ್ಲಿನ ನನ್ನ ಬಂದೂಕು ಮೂರಕ್ಕೇರಲು ಮೂವತ್ತು ಸ್ಪ್ರಿಂಗು ಬೇಕಿತ್ತು. ಮಿಕ್ಕದ್ದೆಲ್ಲ ಸುಲಭಕ್ಕೆ ಸಿಗುತ್ತದೆ, ಸ್ಪ್ರಿಂಗು ಸಿಗುವುದಿಲ್ಲ. ಒಂದು ದಿನ ಶತ್ರುವಿಗೆ ಹೆದರಿ ಓಡುತ್ತ, ಆ ಪಟ್ಟಣದ ಪಾಳು ಶಾಲೆಯ ಮೆಟ್ಟಿಲ ಕೆಳಗೆ ಅವಿತುಕೊಂಡಾಗ ಅಲ್ಲೊಂದು ಕೆಂಪು ಬೀರು ಕಂಡಿತು. ತೆರೆದರೆ ಮೂರು ಸ್ಪ್ರಿಂಗು! ಮಾರನೆಯ ದಿನ ಹೋದೆ, ಎರಡು. ಅದರ ಮಾರನೆಯ ದಿನ ಮತ್ತೆ ಮೂರು. ಅದೇ ಜಾಗ, ದಿನದಿನವೂ ಏಳುತ್ತಿದೆ! ಇದು ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಂದಿನಿಂದ ನನ್ನ ನಡಿಗೆ ಬದಲಾಯಿತು. ಆಟ ಶುರುವಾದ ಕೂಡಲೇ ಶಾಲೆಯ ವಿರುದ್ಧ ದಿಕ್ಕಿಗೆ ನಾಲ್ಕು ಹೆಜ್ಜೆ ಓಡುವುದು, ಒಂದು ಗೋದಾಮು ಸುತ್ತುವುದು, ಮುಳ್ಳುತಂತಿಯ ಬೇಲಿ ನುಸುಳುವುದು, ಆಮೇಲೆ ಹಿಂಬಾಗಿಲಿನಿಂದ ಶಾಲೆ ಹೊಗುವುದು. ದೇವಯ್ಯನ ದನಿ ಕಿವಿಯ ಇಯರ್‌ಫೋನಿನಲ್ಲಿ ಕೇಳುತ್ತಿತ್ತು: “ಗೌಡ, ಸ್ಪ್ರಿಂಗ್ ಸಿಕ್ತಂತಲ್ಲ, ಎಲ್ಲಿ ಸಿಕ್ತೋ?” ನಾನು ಜಗಲಿಯಲ್ಲಿ ಕೂತಿದ್ದವನು ಬಲಗೈ ಎತ್ತಿ ಗಾಳಿಯಲ್ಲಿ ಅರ್ಧಚಂದ್ರ ಬರೆದು “ಹೀಗೇ, ಆ ಕಡೆ” ಎಂದೆ. ಹಲಸಿನ ಬೀಜದ ಸಿಪ್ಪೆ ಸುಲಿಯುತ್ತಿದ್ದ ಸರಸು ತಲೆಯೆತ್ತಿ ನೋಡಿದಳು. ಫೋನಿನೊಳಗಿನವರಿಗೆ ನನ್ನ ಕೈ ಕಾಣುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ಸುಮ್ಮನೆ ಮತ್ತೆ ಸಿಪ್ಪೆ ಸುಲಿಯತೊಡಗಿದಳು.

ಹದಿನೈದು ದಿನ ಕಳೆದಿರಬೇಕು. ಸಿಕ್ಕದ್ದರಲ್ಲಿ ಅರ್ಧ, ನಾನು ದೋಣಿ ಹತ್ತುವ ಮೊದಲೇ ಗುಂಡು ತಿಂದು ಬೇರೆಯವರ ಪಾಲಾಗುತ್ತಿತ್ತು. ಒಂದು ಮಧ್ಯಾಹ್ನ ಬೀರು ತೆರೆದರೆ ಒಂದೇ ಸ್ಪ್ರಿಂಗು. ಮಾರನೆಯ ದಿನ ಒಂದು ಹಳೇ ಬ್ಯಾಟರಿ, ಸ್ಪ್ರಿಂಗು ಸೊನ್ನೆ. ನನ್ನ ತಲೆ ಕೆಲಸ ಮಾಡತೊಡಗಿತು. ಯಾರೋ ನನಗಿಂತ ಮೊದಲು ಬರುತ್ತಿದ್ದಾರೆ. ಇದಕ್ಕೆ ನಮ್ಮ ಕಡೆ ಪರಿಹಾರ ಒಂದೇ, ಬೇಗ ಏಳುವುದು. ಬೆಳಗಿನ ಐದಕ್ಕೆ ಎದ್ದು, ಮುಖ ತೊಳೆದು, ಸ್ವೆಟರು ಹಾಕಿಕೊಂಡು, ಆ ಪಾಳುಪಟ್ಟಣದಲ್ಲಿ ಎಲ್ಲರಿಗಿಂತ ಮೊದಲು ಇಳಿದೆ. ಎರಡು ಸ್ಪ್ರಿಂಗು ಸಿಕ್ಕಿತು. ನನ್ನ ತರ್ಕ ಸಾಬೀತಾಯಿತು! ಮರುದಿನ ಐದಕ್ಕೇ ಹೋದರೂ ಸೊನ್ನೆ. ಹಾಗಾದರೆ ಅವನು ನಾಲ್ಕೂವರೆಗೆ ಏಳುತ್ತಿದ್ದಾನೆ. ನಮ್ಮ ಊರಿನಲ್ಲಿ ನಾಲ್ಕೂವರೆಗೆ ಏಳುವವನು ಯಾರು? ತೋಟಗಳಿಗೆ ನೀರು ಹಾಯಿಸುವ ಕಾಲದಲ್ಲಿ ಪಂಪು ಕೆಟ್ಟಿತೆಂದು ಕರೆ ಬಂದರೆ ಓಡಬೇಕಾದ ದೇವಯ್ಯ.

ಅದರ ಮೇಲೆ ಇನ್ನೊಂದು. ದೇವಯ್ಯನ ಬ್ಯಾಗಿನಲ್ಲಿ ಯಾವಾಗಲೂ ಸ್ಪ್ರಿಂಗು ಇರುತ್ತಿತ್ತು. ದೋಣಿ ಹತ್ತುವ ಮುಂಚೆ ಅವನು ನನ್ನ ಕಾಲ ಬುಡದಲ್ಲಿ ಒಂದೋ ಎರಡೋ ಇಟ್ಟು, “ತಗ ಗೌಡ, ನಂಗೆ ಇದೆ” ಎನ್ನುತ್ತಿದ್ದ. ಮೊದಲು ಇದು ಔದಾರ್ಯವೆನ್ನಿಸಿತ್ತು. ಈಗ ಕೊಳವೆ ಚುಚ್ಚಿ ನೋಡಿದರೆ ಒಳಗಿನ ಬೀಜ ಬೇರೆಯೇ ಕಂಡಿತು: ನನ್ನ ಬೀರುವಿನಿಂದ ಎತ್ತಿ, ಅರ್ಧ ನನಗೇ ದಾನ ಮಾಡುತ್ತಿದ್ದಾನೆ! ಅರ್ಧ ಬಿಡುವುದು ಅವನ ಹಳೇ ಅಭ್ಯಾಸವಲ್ಲವೇ? ಐದು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡದ್ದು ಆಗ ಎದ್ದು ಕೂತಿತು.

ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ, ಕವಿತಾಳೂ ಗುಂಪಿನಲ್ಲಿದ್ದಳು, ನಾವು ಮೂವರೂ ಹೊಳೆಯಂಚಿನಲ್ಲಿ ದೋಣಿಗೆ ಕಾಯುತ್ತಿದ್ದೆವು. ಅವನು ಎಂದಿನಂತೆ ಎರಡು ಸ್ಪ್ರಿಂಗು ನನ್ನ ಮುಂದಿಟ್ಟ. ನಾನು ಕೇಳಿಯೇಬಿಟ್ಟೆ.

“ದೇವಯ್ಯ, ಶಾಲೆ ಮೆಟ್ಲ ಕೆಳಗಿಂದು ದಿನಾ ಬೆಳಿಗ್ಗೆ ನೀನೇ ತೆಗೀತಿರೋದು ತಾನೆ? ನನ್ ಜಾಗ ಅದು.”

ಇಯರ್‌ಫೋನಿನಲ್ಲಿ ಅವರ ಮನೆಯ ಕೋಳಿ ಕೂಗಿದ್ದು ಕೇಳಿತು.

“ಯಾವ ಮೆಟ್ಲು ಮಾರಾಯ?”

“ಗೊತ್ತಿಲ್ದೋರ ಥರ ಆಡಬೇಡ. ಕದ್ದು ಅದ್ರಲ್ಲಿ ಅರ್ಧ ನಂಗೇ ಕೊಡ್ತೀಯಲ್ಲ, ನಾಚಿಕೆ ಆಗಲ್ವಾ?”

“ಸರಿ ಗೌಡ,” ಎಂದ ದೇವಯ್ಯ. ಸಿಟ್ಟಿನ ದನಿಯಲ್ಲ, ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಅವನ ಬ್ಯಾಗಿನಿಂದ ಒಂದೊಂದಾಗಿ ಸಾಮಾನು ಕೆಳಗೆ ಬೀಳತೊಡಗಿತು. ಸ್ಪ್ರಿಂಗುಗಳು, ತಾಮ್ರದ ಸುರುಳಿಗಳು, ಗೇರು, ಟೇಪು, ಎಲ್ಲ. “ತಗ. ಎಲ್ಲ ನಿಂದೇ,” ಎಂದು ಹೇಳಿ ಆಟದಿಂದ ಹೊರಗೆ ಹೋದ. ಪರದೆಯ ಮೇಲೆ ಅವನು ನಿಂತಿದ್ದ ಜಾಗ ಖಾಲಿಯಾಯಿತು.

ಇಲ್ಲಿ ಒಬ್ಬ ಸಭ್ಯಗೃಹಸ್ಥ ಏನು ಮಾಡಬೇಕಿತ್ತೆಂಬುದು ನಿಮಗೂ ಗೊತ್ತು, ನನಗೂ ಗೊತ್ತು. ನಾನು ಮಾಡಿದ್ದು ಬೇರೆ. ಕೂತು ಒಂದೊಂದಾಗಿ ಹೆಕ್ಕಿದೆ, ಎಣಿಸಿದೆ, ಹನ್ನೊಂದು ಸ್ಪ್ರಿಂಗು. ನನ್ನ ಹತ್ತಿರ ಮೊದಲೇ ಇದ್ದದ್ದು ಇಪ್ಪತ್ತು. ದೋಣಿ ಹತ್ತಿ ಬಂದು ಬಂದೂಕಿನ ಲೆವೆಲ್ಲು ಏರಿಸಿದೆ. ಪರದೆಯ ಮೇಲೆ ಬಣ್ಣದ ಕಿಡಿ ಹಾರಿ, ಬಂದೂಕು ಹೊಸ ತಗಡಿನಂತೆ ಥಳಥಳಿಸಿತು. ಒಂದು ಸ್ಪ್ರಿಂಗು ಮಿಕ್ಕಿತು ಕೂಡ. ಆಮೇಲೆ, ಎಲ್ಲ ಮುಗಿದ ಆಮೇಲೆ, ನನಗೆ ಕೆಟ್ಟದೆನ್ನಿಸಿತು.

ಸೋಮವಾರ ಬಂತು. ಸ್ಕೂಟರಿನ ಸದ್ದಿಗೆ ಕಾದೆ. ಅದು ನಮ್ಮ ಗೇಟಿನ ಮುಂದೆ ನಿಲ್ಲದೆ ಹೋಯಿತು. ಬಸ್ಸು ಹಿಡಿದು ಸಂತೆಗೆ ಹೋದೆ. ತಕ್ಕಡಿಯ ಮೇಲೆ ಕಣ್ಣಿಡುವವನು ಇದ್ದ, ತರಕಾರಿ ಆರಿಸುವವನಿರಲಿಲ್ಲ. ಬಲಿತ ಬೀನ್ಸು, ಒಳಗೆ ಹುಳವಿದ್ದ ಬದನೆ, ನೆನೆದ ಹಳೇ ಬೆಳ್ಳುಳ್ಳಿ, ಎಲ್ಲವನ್ನೂ ನ್ಯಾಯವಾದ ತೂಕದಲ್ಲಿ ತಂದೆ. ಸರಸು ಚೀಲ ಸುರಿದು ನೋಡಿ, “ದೇವಣ್ಣ ಬರಲಿಲ್ವಾ?” ಎಂದಳು. ಅವನಿಗೆ ಕೆಲಸವಿತ್ತೆಂದೆ. ಮೂರು ಸೋಮವಾರ ಹೀಗೇ ಕೆಲಸವಿತ್ತು. ಮೂರನೇ ಲೆವೆಲ್ಲಿನ ಬಂದೂಕು ಹೊತ್ತು ಆಟಕ್ಕಿಳಿದರೆ ಅಪರಿಚಿತರ ಗುಂಪಿಗೆ ಬೀಳುತ್ತಿದ್ದೆ. ಯಾವುದೋ ಭಾಷೆಯಲ್ಲಿ ಬೈಯುವವರು. ಅವರೇನು ಬೈಯುತ್ತಿದ್ದಾರೆಂದು ದೇವಯ್ಯನನ್ನು ಕೇಳಿ ನಗಲು ದೇವಯ್ಯನಿರಲಿಲ್ಲ. ಒಬ್ಬನೇ ನಗುವುದು ನನಗೆ ಅಭ್ಯಾಸವಿಲ್ಲ. ನಿಜ ಹೇಳುತ್ತೇನೆ, ಆ ದಿನಗಳಲ್ಲಿ ನನಗೆ ಅವನ ಸ್ಕೂಟರಿನ ಹೊಗೆಯ ವಾಸನೆಯೂ ಬೇಕೆನ್ನಿಸುತ್ತಿತ್ತು.

ಮೂರನೆಯ ಸೋಮವಾರ ಬಸ್‌ಸ್ಟ್ಯಾಂಡಿನಲ್ಲಿ ಕವಿತಾ ಸಿಕ್ಕಳು, ಊಟದ ಬಿಡುವಿನಲ್ಲಿ ಹೊರಗೆ ಬಂದಿದ್ದಳು. ಮುಖ ತಿರುಗಿಸಿಕೊಂಡು ಹೋಗುತ್ತಾಳೆಂದು ಶಂಕಿಸಿದ್ದೆ. ಹಾಗೆ ಮಾಡಲಿಲ್ಲ, ಪಕ್ಕಕ್ಕೆ ಬಂದು ನಿಂತಳು.

“ದೊಡ್ಡಪ್ಪ, ಒಂದು ವಿಷಯ ಹೇಳ್ಲಾ? ಬೇಜಾರ್ ಮಾಡ್ಕಬೇಡಿ. ಆ ಆಟದಲ್ಲಿ ಊರು ಪ್ರತಿ ಸಲ ಹೊಸದಾಗಿ ಬರುತ್ತೆ. ನಾವು ಇಳಿಯೋ ಮುಂಚೆ ಅಲ್ಲಿ ಯಾರೂ ಬಂದಿರಲ್ಲ.”

“ಬೆಳಿಗ್ಗೆ ನಾಲ್ಕೂವರೆಗೆ ಬಂದಿದ್ರೆ?”

“ನಾಲ್ಕೂವರೆ ಊರು ಬೇರೆ, ನಿಮ್ಮ ಐದು ಗಂಟೆ ಊರು ಬೇರೆ. ಒಂದ್ಸಲ ಬೀರುನಲ್ಲಿ ಮೂರು ಇರುತ್ತೆ, ಒಂದ್ಸಲ ಏನೂ ಇರಲ್ಲ. ಅದು ಆಟದ್ದೇ ಲೆಕ್ಕ, ಯಾರೂ ಕದಿಯಲ್ಲ.”

“ಹಾಗಾದ್ರೆ ನಿಮ್ಮ ಮಾವನಿಗೆ ಅಷ್ಟೊಂದು ಎಲ್ಲಿ ಸಿಗ್ತಿತ್ತು?”

“ನೀವು ಆ ಒಂದು ಜಾಗಕ್ಕೆ ಸುತ್ತು ಹಾಕ್ಕೊಂಡು ಹೋಗಿ ಬರೋಷ್ಟರಲ್ಲಿ ಅವರು ದಾರೀಲಿರೋ ಎಲ್ಲ ಡಬ್ಬಾನೂ ತೆಗೆದು ನೋಡಿರ್ತಾರೆ. ಪಂಪ್‌ಹೌಸ್, ಗ್ಯಾರೇಜು, ಒಂದೂ ಬಿಡಲ್ಲ. ಅವರ ಗನ್ನು ಇನ್ನೂ ಒಂದನೇ ಲೆವೆಲ್ಲಲ್ಲೇ ಇದೆ ದೊಡ್ಡಪ್ಪ. ನಿಮ್ದು ಮೂವತ್ತಾಗ್ಲಿ ಅಂತ ಕೂಡಿಡ್ತಿದ್ರು.”

ಈ ವಿವರಣೆಯನ್ನೆಲ್ಲ ಅವನೇ ಯಾಕೆ ಹೇಳಲಿಲ್ಲವೆಂದು ಕೇಳಿದೆ. “ಹೇಳಿದ್ರೆ ಗೌಡ ನಂಬಲ್ಲ ಅಂದ್ರು,” ಎಂದಳು. ನನ್ನ ಬಸ್ಸು ಬಂತು, ಹತ್ತಿ ಕೂತೆ.

ನೀವು ಏನೇ ಅಂದುಕೊಳ್ಳಿ, ಮನೆಗೆ ಬಂದವನು ಮೊದಲು ಮಾಡಿದ್ದು ಪರೀಕ್ಷೆ. ಮಾವನ ಪರವಾಗಿ ಸೊಸೆ ಸುಳ್ಳು ಹೇಳಿರಬಹುದಲ್ಲ? ಆಟಕ್ಕಿಳಿದು ಓಡಿಹೋಗಿ ಬೀರು ತೆರೆದೆ, ಎರಡು ಸ್ಪ್ರಿಂಗು. ಎತ್ತಿಕೊಂಡು ಆಟ ಬಿಟ್ಟೆ. ತಕ್ಷಣ ಮತ್ತೆ ಇಳಿದೆ. ನಾನೇ ಈಗಷ್ಟೇ ಖಾಲಿ ಮಾಡಿದ ಬೀರುವಿನಲ್ಲಿ ಮೂರು ಸ್ಪ್ರಿಂಗು ಕೂತಿದ್ದವು. ಮತ್ತೆ ಇಳಿದೆ, ಏನೂ ಇಲ್ಲ. ಮತ್ತೆ ಇಳಿದೆ, ಒಂದು. ಐದು ಸಲ ಚುಚ್ಚಿ ನೋಡಿದೆ. ಮೂಟೆಯ ತುದಿಯಲ್ಲೂ ನಡುವಿನಲ್ಲೂ ಬುಡದಲ್ಲೂ ಒಂದೇ ಬೀಜ. ಕಳ್ಳನೇ ಇರಲಿಲ್ಲ. ಇಳಿದಾಗಲೆಲ್ಲ ಸೃಷ್ಟಿಯಾಗಿ ಬಿಟ್ಟಾಗಲೆಲ್ಲ ಲಯವಾಗುವ ಒಂದು ಪಟ್ಟಣದೊಳಗೆ ನಾನು ಅಪ್ಪನ ಹುತ್ತವನ್ನು ಹೊತ್ತುಕೊಂಡು ಹೋಗಿದ್ದೆ, ಸ್ವೆಟರು ಹಾಕಿಕೊಂಡು, ಬೆಳಗಿನ ಐದು ಗಂಟೆಗೆ. ನಾಚಿಕೆಯಾಯಿತು. ನನ್ನ ಮೇಲೆ ನನಗೇ ಅಷ್ಟು ಅಸಹ್ಯ ಹಿಂದೆಂದೂ ಆಗಿರಲಿಲ್ಲ.

ಕ್ಷಮೆ ಕೇಳುವುದು ಹೇಗೆ? ನಮ್ಮ ವಯಸ್ಸಿನ ಗಂಡಸರಿಗೆ ಅದರ ಶಬ್ದಗಳು ತಿಳಿದಿವೆ, ಉಚ್ಚಾರಣೆ ಬರುವುದಿಲ್ಲ. ಆಟದಲ್ಲಿ ಅವನ ಸಾಮಾನು ಹಿಂದಿರುಗಿಸೋಣವೆಂದರೆ ಎಲ್ಲ ಬಂದೂಕಿನೊಳಗೆ ಸೇರಿಹೋಗಿತ್ತು. ಮಿಕ್ಕಿದ್ದ ಒಂದು ಸ್ಪ್ರಿಂಗು ಕೊಟ್ಟರೆ ಗೇಲಿ ಮಾಡಿದಂತಾಗುತ್ತದೆ. ಅವನಿಗೆ ಕೊಡಬಹುದಾದ, ಕೊಟ್ಟರೆ ನನಗೆ ನಿಜವಾಗಿ ನೋಯುವ ವಸ್ತು ನನ್ನ ಹತ್ತಿರ ಏನಿದೆ ಎಂದು ಹುಡುಕಿದೆ. ಒಂದೇ ಒಂದಿತ್ತು. ಅಷ್ಟರಲ್ಲಿ ಜೂನ್ ಬಂತು, ಎರಡು ದೊಡ್ಡ ಗುಡುಗು ಗುಡುಗಿತು.

ಮೂರನೆಯ ದಿನ ಬೆಳಿಗ್ಗೆ ದೇವಯ್ಯನ ಶೆಡ್ಡಿಗೆ ಹೋಗಿ ನಿಂತೆ. ಅವನು ಒಂದು ಮೋಟಾರಿಗೆ ತಂತಿ ಸುತ್ತುತ್ತಿದ್ದ. ತಲೆ ಎತ್ತಲಿಲ್ಲ.

“ಬಾ, ಒಂದು ಕಡೆ ಹೋಗಿ ಬರಾಣ,” ಎಂದೆ.

“ಎಲ್ಲಿಗೆ?”

“ಅಣಬೆಗೆ.”

ಅವನ ಕೈ ನಿಂತಿತು. ತಂತಿಯ ತುದಿಯನ್ನು ಬೆರಳಿಗೆ ಸುತ್ತಿಕೊಂಡೇ ನನ್ನ ಮುಖ ನೋಡಿದ. ಅಣಬೆಗೆ ಯಾರೂ ಯಾರನ್ನೂ ಕರೆಯುವುದಿಲ್ಲ. ಅಷ್ಟು ವರ್ಷದ ಸ್ನೇಹದಲ್ಲಿ ನಾನೂ ಕರೆದಿರಲಿಲ್ಲ, ಅವನೂ ಕರೆದಿರಲಿಲ್ಲ, ಇಬ್ಬರಿಗೂ ಅದರಲ್ಲಿ ತಪ್ಪು ಕಂಡಿರಲಿಲ್ಲ. ಅವನು ತಂತಿ ಕೆಳಗಿಟ್ಟು ಎದ್ದು, ಚಪ್ಪಲಿ ಹುಡುಕಿದ.

ಸುತ್ತು ಹಾಕಲಿಲ್ಲ. ನೇರವಾಗಿ ನಮ್ಮ ತೋಟದೊಳಗಿಂದಲೇ ಹತ್ತಿಸಿ ಪೈಸಾರಿಗೆ ಕರೆದುಕೊಂಡು ಹೋದೆ. ಕವಲೊಡೆದ ಹಲಸಿನ ಬುಡದಲ್ಲಿ, ಹುತ್ತದ ಸುತ್ತ, ಬೆಳ್ಳಗೆ ಎದ್ದಿತ್ತು. ಕೊಡೆ ಅರಳಿದ್ದು ಎಷ್ಟೋ, ಇನ್ನೂ ಮೊಗ್ಗಿನಂತಿದ್ದದ್ದು ಎಷ್ಟೋ. ಬೆರಳು ಮಾಡಿ ತೋರಿಸಿದರೆ ಮುಂದಿನ ವರ್ಷ ಏಳುವುದಿಲ್ಲವೆಂದು ಅಪ್ಪ ಹೇಳಿದ್ದರು, ಆದ್ದರಿಂದ ಗಲ್ಲದಿಂದ ತೋರಿಸಿದೆ. ದೇವಯ್ಯ ಹುತ್ತವನ್ನು ಒಂದು ಸುತ್ತು ಬಂದು ನೋಡಿದ. ಆಮೇಲೆ ಕೂತು, ಅರಳಿದ್ದನ್ನು ಮಾತ್ರ, ಬುಡ ಅಲುಗದಂತೆ ಒಂದೊಂದಾಗಿ ಕಿತ್ತು ಚೀಲಕ್ಕೆ ಹಾಕತೊಡಗಿದ. ನಾನೂ ಪಕ್ಕದಲ್ಲಿ ಕೂತೆ. ಇಬ್ಬರ ಮೊಣಕಾಲೂ ಒಟ್ಟಿಗೆ ಸದ್ದು ಮಾಡಿದವು.

“ತಪ್ಪಾಯ್ತು ದೇವಯ್ಯ,” ಎಂದೆ. ನನ್ನ ಜೀವಮಾನದಲ್ಲಿ ಆ ಮಾತನ್ನು ಅಷ್ಟು ಸ್ಪಷ್ಟವಾಗಿ ಹೇಳಿದ್ದು ಅದೇ ಮೊದಲು.

“ಹೋಗ್ಲಿ ಬಿಡು,” ಎಂದ.

ಅಲ್ಲಿಗೆ ನಿಲ್ಲಿಸಿದ್ದರೆ ನಾನು ನಾನಾಗುತ್ತಿರಲಿಲ್ಲ. ಔದಾರ್ಯದ ಆವೇಶ ಏರಿತ್ತು. “ಐದು ವರ್ಷದ ಹಿಂದೆ ಇದೇ ಜಾಗದಲ್ಲಿ ನೀನು ಅರ್ಧ ಕಿತ್ಕೊಂಡು ಹೋಗಿದ್ದೆಯಲ್ಲ, ಅದನ್ನೂ ನಾನು ಮನಸ್ಸಿಂದ ತೆಗೆದಾಕಿದ್ದೀನಿ,” ಎಂದೆ.

ದೇವಯ್ಯ ಕೈಯಲ್ಲಿದ್ದ ಅಣಬೆಯನ್ನು ಹಾಗೆಯೇ ಹಿಡಿದುಕೊಂಡು ನನ್ನ ಕಡೆ ತಿರುಗಿದ. “ನಾನು ಈ ಜಾಗ ನೋಡ್ತಿರೋದು ಇವತ್ತೇ ಗೌಡ.”

“ನಂಬಿದೆ,” ಎಂದೆ. ನಂಬಿರಲಿಲ್ಲ. ಅವನಿಗೂ ಗೊತ್ತಾಯಿತು, ಚೀಲದ ಬಾಯಿಗೆ ಜರಿಗಿಡದ ಸೊಪ್ಪು ಮುಚ್ಚಿದ. ಹಿಂದಿರುಗುವಾಗ, ಬಂದ ದಾರಿಯಲ್ಲೇ ಇಳಿಯಲು ಹೊರಟ ನನ್ನ ತೋಳು ಹಿಡಿದು ನಿಲ್ಲಿಸಿ, ಎಡಕ್ಕೆ ತಿರುಗಿ ತೋಡಿನ ಕಡೆಗೆ ನಡೆದ. ತೋಡು ದಾಟಿ, ಪಕ್ಕದ ತೋಟದ ಬೇಲಿ ನುಸುಳಿ, ಒಂದು ದೊಡ್ಡ ಸುತ್ತು ಹಾಕಿ, ನಾವಿಬ್ಬರೂ ನಮ್ಮ ಮನೆಯ ಮುಂದಿನ ರಸ್ತೆಗೆ ವಿರುದ್ಧ ದಿಕ್ಕಿನಿಂದ ಬಂದೆವು. ಪಂಚೆಯೆಲ್ಲ ಒದ್ದೆ, ಕಾಲಿಗೆ ಜಿಗಣೆ. ನನಗೆ ಅಷ್ಟು ಸಂತೋಷವಾಗಿ ಎಷ್ಟೋ ದಿನವಾಗಿತ್ತು.

ಸರಸು ಅಂಗಳದಲ್ಲಿದ್ದಳು. ಚೀಲದ ಬಾಯಿಯ ಸೊಪ್ಪು ಸರಿಸಿ ನೋಡಿ ಕಣ್ಣರಳಿಸಿ, “ಇಷ್ಟೊಂದಾ! ಎಲ್ಲಿ ಸಿಕ್ತು?” ಎಂದಳು.

ನಾನು ಕೈಯೆತ್ತಿ ಪಶ್ಚಿಮಕ್ಕೆ ಬೀಸಿ “ಹೀಗೇ, ಆ ಕಡೆ” ಎಂದೆ. ಅದೇ ಕ್ಷಣದಲ್ಲಿ ದೇವಯ್ಯ ಕೈಯೆತ್ತಿ ಪೂರ್ವಕ್ಕೆ ಬೀಸಿ “ಆ ಕಡೆ ಅಕ್ಕ” ಎಂದ. ಹಲಸಿನ ಮರವಿದ್ದದ್ದು ಉತ್ತರಕ್ಕೆ.

ಸರಸು ಇಬ್ಬರ ಕೈಯನ್ನೂ ನೋಡಿದಳು. ಚೀಲ ಎತ್ತಿಕೊಂಡು ಒಳಗೆ ಹೊರಟವಳು ಹೊಸಿಲಿನಲ್ಲಿ ತಿರುಗಿದಳು.

“ಆ ಹಲಸಿನ ಬುಡದಲ್ಲಿ ಈ ವರ್ಷ ಏಳಲಿಲ್ವಾ ಹಾಗಾದ್ರೆ? ಸೌದೆಗೆ ಹೋದಾಗ ಒಂದು ವರ್ಷ ನಾನೇ ಕಿತ್ಕೊಂಡ್ ಬಂದು ತವರಿಗೆ ಕಳಿಸಿದ್ದೆನಲ್ಲ. ಅರ್ಧ ಬಿಟ್ಟಿದ್ದೆ, ನೀವು ಬಂದು ನೋಡಿದ್ರೆ ಬೇಜಾರ್ ಮಾಡ್ಕೋತೀರಿ ಅಂತ.”

ಒಳಗೆ ಪಾತ್ರೆಗೆ ನೀರು ಸುರಿದ ಸದ್ದಾಯಿತು. ದೇವಯ್ಯ ನನ್ನ ಕಡೆ ನೋಡಲಿಲ್ಲ. ಜಗಲಿಯ ಮೇಲೆ ಕೂತು, ಕಾಲಿನ ಜಿಗಣೆ ಕಿತ್ತು, “ಅಕ್ಕ, ಕಾಫಿ ಇದ್ರೆ ಕೊಡಿ,” ಎಂದು ಒಳಗೆ ಕೂಗಿದ. ಅವನ ಹೆಗಲು ನಗುವಿನಿಂದ ಕುಲುಕುತ್ತಿತ್ತು. ನಾನು ಅಂಗಳದಲ್ಲೇ ನಿಂತಿದ್ದೆ. ನನ್ನ ಕೈ ಇನ್ನೂ ಪಶ್ಚಿಮಕ್ಕೇ ಚಾಚಿಕೊಂಡಿತ್ತು.